ಅರ್ಧ ಉಳಿಸು, ಅರ್ಧ ಗಳಿಸು

(ಕಾಲೇಜು ಅಧ್ಯಾಪಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



‘ಉದ್ಯಮಶೀಲ ವಿಶ್ವವಿದ್ಯಾಲಯ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರು ಮುಖ ಸಿಂಡರಿಸುತ್ತಾರೆ. ವಿದ್ಯೆಯನ್ನೂ ತಕ್ಕಡಿಗೆ ಹಾಕುವುದೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮೊದಲು, ಈ ಮಾತಿಗೆ ಮುಖ್ಯ ನಿದರ್ಶನವಾದ ಊರೊಂದನ್ನು ನೋಡಿಬರೋಣ.

ಇಂಗ್ಲೆಂಡಿನ ಕಾವೆಂಟ್ರಿ ಕಾರು ಕಾರ್ಖಾನೆಗಳ ಊರು. ಅದರ ಅಂಚಿನಲ್ಲಿ 1965ರಲ್ಲಿ ಸರ್ಕಾರದ ಅನುದಾನದಿಂದ ವಾರ್ವಿಕ್ ವಿಶ್ವವಿದ್ಯಾಲಯ ಹುಟ್ಟಿತು. ಮೊದಲ ಕುಲಪತಿ ಜಾಕ್ ಬಟರ್‌ವರ್ತ್ ಆರಂಭದಿಂದಲೇ ಉದ್ಯಮಿಗಳ ಸಖ್ಯ ಬೆಳೆಸಿದರು. ಇದು ಎಲ್ಲರಿಗೂ ರುಚಿಸಲಿಲ್ಲ. 1970ರಲ್ಲಿ ವಿದ್ಯಾರ್ಥಿಗಳು ಆಡಳಿತ ಕಚೇರಿಗೆ ನುಗ್ಗಿ ಧರಣಿ ಕುಳಿತಾಗ ಕೆಲವು ಕಡತಗಳು ಅವರ ಕೈಗೆ ಸಿಕ್ಕವು. ಅಧ್ಯಾಪಕರ, ವಿದ್ಯಾರ್ಥಿಗಳ ರಾಜಕೀಯದ ಮೇಲೆ ಕಣ್ಣಿಟ್ಟ ಕಡತಗಳು. ಅಲ್ಲಿಯೇ ಚರಿತ್ರೆ ಕಲಿಸುತ್ತಿದ್ದ ಇ.ಪಿ. ಥಾಂಪ್ಸನ್ ಅದೇ ವರ್ಷ ‘ವಾರ್ವಿಕ್ ಯೂನಿವರ್ಸಿಟಿ ಲಿಮಿಟೆಡ್’ ಎಂಬ ಪುಸ್ತಕ ಸಂಪಾದಿಸಿದರು. ಹೆಸರೇ ಎಲ್ಲವನ್ನೂ ಹೇಳುತ್ತದೆ. ಮುಂದೆ ಅವರು ಕೆಲಸವನ್ನೂ ಬಿಟ್ಟರು.

1981ರಲ್ಲಿ ಥ್ಯಾಚರ್ ಸರ್ಕಾರ ವಿಶ್ವವಿದ್ಯಾಲಯಗಳ ಅನುದಾನಕ್ಕೆ ಕತ್ತರಿ ಹಾಕಿತು. ಸಾಲ್ಫರ್ಡ್ ವಿಶ್ವವಿದ್ಯಾಲಯಕ್ಕೆ ಶೇಕಡಾ 40ಕ್ಕೂ ಮಿಕ್ಕಿ ಕಡಿತವಾಯಿತು. ವಾರ್ವಿಕ್‌ಗೆ ಬಿದ್ದ ಪೆಟ್ಟು ಸುಮಾರು ಶೇಕಡಾ 10. ಬೇರೆಡೆ ಹುದ್ದೆಗಳನ್ನು ಕಡಿಮೆ ಮಾಡಿ ಸರಿದೂಗಿಸುವ ದಾರಿ ಹಿಡಿದರೆ ಇಲ್ಲಿ ಬೇರೊಂದು ಲೆಕ್ಕ ಹಾಕಿದರು: ಕೊರತೆಯ ಅರ್ಧವನ್ನು ಉಳಿತಾಯದಿಂದ, ಇನ್ನರ್ಧವನ್ನು ಸಂಪಾದನೆಯಿಂದ ತುಂಬಬೇಕು. ಈ ನೀತಿಯ ಹಿಂದಿದ್ದವರಲ್ಲಿ ಮುಖ್ಯರು, ಮುಂದೆ ಕುಲಸಚಿವರಾದ ಮೈಕೆಲ್ ಶಾಟಕ್.

ಸಂಪಾದನೆ ಎಲ್ಲಿಂದ? ಕಂಪನಿಗಳ ಅಧಿಕಾರಿಗಳಿಗೆ ವಸತಿಸಹಿತ ತರಬೇತಿ, ಸಮ್ಮೇಳನಗಳು, ವಿದೇಶಿ ವಿದ್ಯಾರ್ಥಿಗಳ ಪೂರ್ಣ ಶುಲ್ಕ, 1984ರಲ್ಲಿ ತೆರೆದ ವಿಜ್ಞಾನ ಪಾರ್ಕು. ಎಲ್ಲಕ್ಕಿಂತ ಹೆಸರಾದದ್ದು 1980ರಲ್ಲಿ ಆರಂಭವಾದ ‘ವಾರ್ವಿಕ್ ಮ್ಯಾನುಫ್ಯಾಕ್ಚರಿಂಗ್ ಗ್ರೂಪ್’. ಅದನ್ನು ಕಟ್ಟಿದ ಕುಮಾರ್ ಭಟ್ಟಾಚಾರ್ಯ 1940ರಲ್ಲಿ ಹುಟ್ಟಿದವರು, ಖರಗ್‌ಪುರದ ಐಐಟಿಯಲ್ಲಿ ಓದಿದವರು. ಕಾರ್ಖಾನೆಯ ತೊಡಕನ್ನೇ ಪಾಠಕ್ಕೂ ಸಂಶೋಧನೆಗೂ ವಸ್ತುವಾಗಿಸಿದ ವ್ಯಕ್ತಿ. 2008ರಲ್ಲಿ ಟಾಟಾ ಸಂಸ್ಥೆ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಾಗ ತೆರೆಯ ಹಿಂದೆ ಸಲಹೆಗಾರರಾಗಿದ್ದವರಲ್ಲಿ ಅವರೂ ಒಬ್ಬರು. 2019ರಲ್ಲಿ ತೀರಿಕೊಂಡರು.

ನನಗೆ ಮುಖ್ಯವೆನಿಸುವುದು ಗಳಿಕೆಗಿಂತ ಹಂಚಿಕೆ. ದುಡಿದ ವಿಭಾಗಕ್ಕೆ ಒಂದು ಪಾಲು ಬಿಟ್ಟು ಉಳಿದದ್ದನ್ನು ಕೇಂದ್ರ ನಿಧಿಗೆ ತಂದರು. ತತ್ತ್ವಶಾಸ್ತ್ರ, ಚರಿತ್ರೆಯಂಥ ವಿಭಾಗಗಳು ಕಾರ್ಖಾನೆಗೆ ಏನನ್ನೂ ಮಾರಲಾರವು. ಆ ನಿಧಿಯಿಂದ ಅವಕ್ಕೂ ಹಣ ಹರಿಯಿತು. 1990ರ ದಶಕದಲ್ಲಿ ತರುಣ ಸಂಶೋಧಕರಿಗೆ ಫೆಲೋಷಿಪ್‌ಗಳು ಸಿಕ್ಕಿದ್ದೂ ಹೀಗೆಯೇ. ಎಂಜಿನಿಯರಿಂಗ್‌ನವರು ಗೊಣಗದೆ ಇದ್ದಿರಲಾರರು ಎನ್ನಿ! ಅಮೆರಿಕದ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1998ರಲ್ಲಿ ಇಂಥ ಐದು ಯುರೋಪಿಯನ್ ವಿಶ್ವವಿದ್ಯಾಲಯಗಳ ಅಧ್ಯಯನ ಪ್ರಕಟಿಸಿದರು; ವಾರ್ವಿಕ್ ಅವುಗಳಲ್ಲೊಂದು. ಆಗ ಅದರ ಆದಾಯದಲ್ಲಿ ಸರ್ಕಾರದ ಮೂಲ ಅನುದಾನದ ಪಾಲು ಶೇಕಡಾ 40ಕ್ಕಿಂತ ಕೆಳಗಿಳಿದಿತ್ತು. ಹಲವು ಕಡೆಯಿಂದ ಹಣ ಬಂದರೆ ಯಾವ ಒಬ್ಬ ದಾತನಿಗೂ ಪೂರ್ತಿ ಬಾಗಬೇಕಿಲ್ಲ ಎಂಬುದು ಅವರ ವಾದದ ತಿರುಳು.

ನಮ್ಮಲ್ಲಿ? ರಾಜ್ಯ ವಿಶ್ವವಿದ್ಯಾಲಯಗಳ ಸ್ವಂತ ಆದಾಯವೆಂದರೆ ಬಹುಪಾಲು ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕ. ಹೊಸ ವಿಶ್ವವಿದ್ಯಾಲಯವೊಂದು ಹುಟ್ಟಿದಾಗ ಕಾಲೇಜುಗಳು ಅತ್ತ ಹೋಗುತ್ತವೆ, ಶುಲ್ಕವೂ ಅವುಗಳ ಹಿಂದೆಯೇ ಹೋಗುತ್ತದೆ; ಪಿಂಚಣಿಯ ಹೊರೆ ಮಾತ್ರ ಹಳೆಯ ಮನೆಯಲ್ಲೇ ಉಳಿಯುತ್ತದೆ. ಖಾಲಿ ಹುದ್ದೆ ತುಂಬಲು ಸರ್ಕಾರದ ಅಪ್ಪಣೆ ಬೇಕು. ವಾರ್ವಿಕ್‌ಗೆ ಇಡಿಗಂಟಿನ ಅನುದಾನವಿತ್ತು, ಅದನ್ನು ಹೇಗೆ ಹಂಚಬೇಕೆಂಬ ಸ್ವಾತಂತ್ರ್ಯವಿತ್ತು. ಆ ಸ್ವಾತಂತ್ರ್ಯ ಕೊಡದೆ ‘ನೀವೇ ಸಂಪಾದಿಸಿಕೊಳ್ಳಿ’ ಎನ್ನುವುದು ಕಾಲು ಕಟ್ಟಿ ಓಡು ಎಂದಂತೆ.

ಗಳಿಕೆಯ ಅವಸರ ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಉದಾಹರಣೆ ಮೈಸೂರಿನಲ್ಲೇ ಇದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ರಾಜ್ಯದಾಚೆ ಖಾಸಗಿ ಸಂಸ್ಥೆಗಳ ಜತೆಗೂಡಿ ಕೋರ್ಸು ನಡೆಸಿತು. 2012–13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು 2015ರಲ್ಲಿ ಯುಜಿಸಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಪದವಿಪತ್ರ ಹಿಡಿದು ಅಲೆದವರು ವಿದ್ಯಾರ್ಥಿಗಳು.

ಬ್ರಿಟನ್ನಿನ ಕತೆಯೂ ಸುಖಾಂತವಲ್ಲ. ವಿದೇಶಿ ಶುಲ್ಕವನ್ನೇ ನೆಚ್ಚಿದ್ದ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು, 2024ರಲ್ಲಿ ವೀಸಾ ನಿಯಮ ಬಿಗಿಯಾಗಿ ಅರ್ಜಿಗಳು ಇಳಿದಾಗ ಸಿಬ್ಬಂದಿ ಕಡಿತಕ್ಕೆ ಕೈಹಾಕಿದವು. ಸರ್ಕಾರವೊಂದನ್ನೇ ನಂಬಿದ್ದ ಸ್ಥಿತಿಯಿಂದ ಹೊರಬಂದು, ಅವು ಒಂದೇ ಮಾರುಕಟ್ಟೆಯನ್ನು ನಂಬಿ ಕುಳಿತಿದ್ದವು.