ಹಳೆಯ ಪಿಕಪ್ ವಾಹನದ ಬ್ರೇಕ್: ನಾವೇ ಮಾಡಬಹುದಾದ ಕೆಲಸ, ಮಾಡಬಾರದ ಕೆಲಸ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿ ದೀಪ ಇವುಗಳ ಬಗ್ಗೆ ನಾವು ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚಿಸುತ್ತೇವೆ. ಪಂಚಾಯಿತಿ ಕಟ್ಟಡದ ಮುಂದೆಯೇ ನಿಲ್ಲುವ ಕಸ ಸಂಗ್ರಹಣೆಯ ಪಿಕಪ್ ವಾಹನದ ಬ್ರೇಕ್ ಮಾತ್ರ ದುರಸ್ತಿಯ ಬಿಲ್ಲು ಬಂದಾಗ ಅಥವಾ ಅವಘಡ ಸಂಭವಿಸಿದಾಗ ಚರ್ಚೆಗೆ ಬರುತ್ತದೆ. ಇವೆರಡಕ್ಕೂ ಮುಂಚೆಯೇ ಅದು ನಮ್ಮ ಗಮನಕ್ಕೆ ಬರಬೇಕೆಂಬುದು ನನ್ನ ಇಂದಿನ ಮಾತಿನ ಉದ್ದೇಶ. ನಿಮ್ಮಲ್ಲಿ ಹಲವರ ಮನೆಗಳಲ್ಲಿ ತರಕಾರಿ, ಹಾಲು, ಗೊಬ್ಬರ ಸಾಗಿಸುವ ಹಳೆಯ ಪಿಕಪ್ ಇರಬಹುದು. ನಾನು ಹೇಳುವುದು ಅದಕ್ಕೂ ಅನ್ವಯಿಸುತ್ತದೆ.

ನಾನು ಮೋಟಾರು ಮೆಕ್ಯಾನಿಕ್ ವೃತ್ತಿಯಿಂದ ಬಂದವನು. ಒಂದು ಅವಧಿಗೆ ಪಂಚಾಯಿತಿ ಸದಸ್ಯನೂ ಆಗಿದ್ದೆ. ಆ ಅವಧಿಯ ಒಂದು ಘಟನೆಯಿಂದಲೇ ಆರಂಭಿಸುತ್ತೇನೆ.

ನಮ್ಮ ಪಂಚಾಯಿತಿಯ ಕಸದ ವಾಹನದ ಚಾಲಕಿ ಲಾಗ್ ಪುಸ್ತಕದಲ್ಲಿ "ಬ್ರೇಕ್ ಪೆಡಲ್ ಕೆಳಗೆ ಹೋಗುತ್ತಿದೆ" ಎಂದು ಬರೆದರು. ಒಂದು ಡಬ್ಬಿ ಬ್ರೇಕ್ ಆಯಿಲ್ ತರಿಸಿ ತುಂಬಿಸಲಾಯಿತು, ಪೆಡಲ್ ಸರಿಯಾಯಿತು. ಕೆಲವು ವಾರಗಳಲ್ಲಿ ಅದೇ ದೂರು, ಮತ್ತೊಂದು ಡಬ್ಬಿ. ಮೂರನೆಯ ಬಾರಿಯೂ ಹಾಗೆಯೇ ಆಯಿತು. ಖರ್ಚಿನ ಪಟ್ಟಿ ಸಭೆಗೆ ಬಂದಾಗ ಮೂರು ಬಾರಿಯೂ ಅನುಮೋದಿಸಿದೆವು. ಅನುಮೋದಿಸಿದವರಲ್ಲಿ ಈ ವೃತ್ತಿಯನ್ನು ಬಲ್ಲ ನಾನೂ ಒಬ್ಬ. ತುಂಬಿದ ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂಬ ಒಂದು ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೊನೆಗೊಂದು ಬೆಳಿಗ್ಗೆ, ತುಂಬಿದ ವಾಹನ ಗುಡಿಯ ಇಳಿಜಾರಿನಲ್ಲಿ ಬರುತ್ತಿದ್ದಾಗ ಪೆಡಲ್ ತಳ ಮುಟ್ಟಿತು. ಮುಂದಿನ ಚಕ್ರಗಳ ಬ್ರೇಕ್ ಮಾತ್ರ ಉಳಿದಿತ್ತು. ಚಾಲಕಿ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ವಾಹನವನ್ನು ಬೇಲಿಗೆ ಒರಗಿಸಿ ನಿಲ್ಲಿಸಿದರು. ಶಾಲೆಗೆ ಹೊರಟ ಮಕ್ಕಳು ಆ ಬೇಲಿಯಿಂದ ಹತ್ತು ಹೆಜ್ಜೆ ದೂರದಲ್ಲಿದ್ದರು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಚಕ್ರ ಬಿಚ್ಚಿ ನೋಡಿದಾಗ ವೀಲ್ ಸಿಲಿಂಡರಿನ ರಬ್ಬರ್ ಕಪ್ ಸವೆದು, ಆಯಿಲ್ ಡ್ರಮ್ಮಿನೊಳಗೆ ಸೋರಿ, ಲೈನರ್ ಪೂರ್ತಿ ನೆನೆದಿತ್ತು. ನಾವು ತರಿಸಿದ್ದ ಮೂರು ಡಬ್ಬಿ ಆಯಿಲ್ ಅಲ್ಲಿತ್ತು.

ಬ್ರೇಕ್ ಆಯಿಲ್ ಡೀಸೆಲ್‌ನಂತೆ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ವ್ಯವಸ್ಥೆಯೊಳಗಿರುತ್ತದೆ. ನಾವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪುಗಳ ಮೂಲಕ ಚಕ್ರಗಳಿಗೆ ನೂಕುತ್ತದೆ. ಆ ಒತ್ತಡವು ಮುಂದಿನ ಚಕ್ರದ ಪ್ಯಾಡುಗಳನ್ನು ಡಿಸ್ಕಿಗೂ ಹಿಂದಿನ ಚಕ್ರದ ಶೂಗಳನ್ನು ಡ್ರಮ್ಮಿಗೂ ಒತ್ತುತ್ತದೆ. ಪ್ಯಾಡ್ ಸವೆದಂತೆ ತೊಟ್ಟಿಯಲ್ಲಿನ ಮಟ್ಟ ತಿಂಗಳುಗಳ ಅವಧಿಯಲ್ಲಿ ಅಲ್ಪಸ್ವಲ್ಪ ಇಳಿಯುವುದು ಸಹಜ. ವಾರಗಳಲ್ಲಿ ಇಳಿದರೆ ಅದು ಸೋರಿಕೆಯೇ. ಆದ್ದರಿಂದ ಆಯಿಲ್ ತುಂಬಿಸುವುದನ್ನು ದುರಸ್ತಿ ಎಂದು ಭಾವಿಸಬಾರದು. ಅದು ದೋಷವನ್ನು ಮರೆಮಾಚುವ ಕೆಲಸ.

ಕಸದ ವಾಹನದ ಬ್ರೇಕಿಗೆ ಬೇರೆ ವಾಹನಗಳಿಗಿಂತ ಹೆಚ್ಚಿನ ಪರೀಕ್ಷೆ ಇದೆ. ಮನೆ ಮನೆಯ ಮುಂದೆ ನಿಂತು ಹೊರಡುವುದರಿಂದ ಪ್ಯಾಡ್ ಮತ್ತು ಲೈನರ್ ಬೇಗ ಸವೆಯುತ್ತವೆ. ಹಸಿ ಕಸದಿಂದ ಇಳಿಯುವ ಕೊಳಕು ನೀರು ಕಬ್ಬಿಣದ ಪೈಪು, ಕೇಬಲ್, ಸ್ಪ್ರಿಂಗುಗಳನ್ನು ತುಕ್ಕು ಹಿಡಿಸುತ್ತದೆ. ಮಳೆಗಾಲದಲ್ಲಿ ಕಸ ನೆನೆದಾಗ ವಾಹನ ಎಷ್ಟು ಭಾರ ಹೊತ್ತಿದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕರಷ್ಟಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಆಯಿಲ್ ಬಗ್ಗೆ ಇನ್ನೊಂದು ಮಾತು. ಡಾಟ್ 3, ಡಾಟ್ 4 ಎಂದು ಗುರುತಿಸಿರುವ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಸೇರಿದ ಆಯಿಲಿಗೆ ಆ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಶಾಖವೇರಿ ಹಳೆಯ ಆಯಿಲ್ ಕುದಿಯುತ್ತದೆ. ಆಗ ಪೈಪಿನೊಳಗೆ ಆವಿ ತುಂಬಿ ಪೆಡಲ್ ಸಡಿಲವಾಗುತ್ತದೆ. ಆದುದರಿಂದ ವಾಹನದ ಕೈಪಿಡಿ ಬೇರೆ ಅವಧಿ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿಯಾಗಿ ಬದಲಿಸುವುದು ಉತ್ತಮ. ತೆರೆದಿಟ್ಟ ಹಳೆಯ ಡಬ್ಬಿಯ ಆಯಿಲ್ ಬಳಸಬಾರದು. ಎಂಜಿನ್ ಆಯಿಲನ್ನಂತೂ ಒಂದು ಹನಿಯೂ ಬೆರೆಸಬಾರದು. ಅದು ರಬ್ಬರ್ ಕಪ್ಪುಗಳನ್ನೆಲ್ಲ ಉಬ್ಬಿಸಿ ಇಡೀ ವ್ಯವಸ್ಥೆಯನ್ನು ಹಾಳುಮಾಡುತ್ತದೆ.

ಇನ್ನು ನಾವೇ ಮಾಡಬಹುದಾದ ಕೆಲಸಗಳು. ಮೊದಲನೆಯದು ನೋಡುವ ಕೆಲಸ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಪ್ರತಿದಿನ ಬೆಳಿಗ್ಗೆ ಐದು ನಿಮಿಷ ಸಾಕು. ತೊಟ್ಟಿಯಲ್ಲಿ ಆಯಿಲ್ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ? ನಾಲ್ಕು ಚಕ್ರಗಳ ಒಳಬದಿಯಲ್ಲಿ ಒದ್ದೆ ಕಲೆ ಇದೆಯೇ? ಎಂಜಿನ್ ಚಾಲೂ ಮಾಡಿ ಪೆಡಲನ್ನು ಒತ್ತಿ ಹಿಡಿದಾಗ ಅದು ಗಟ್ಟಿಯಾಗಿ ನಿಲ್ಲುತ್ತದೆಯೇ? ಹ್ಯಾಂಡ್ ಬ್ರೇಕ್ ಹಾಕಿದಾಗ ಇಳಿಜಾರಿನಲ್ಲಿ ವಾಹನ ಕದಲದೆ ಇರುತ್ತದೆಯೇ?

ಪೆಡಲ್ ತಾನೇ ಬಹಳಷ್ಟು ಹೇಳುತ್ತದೆ. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗೇ ಸವೆದಿದೆ. ಕಲ್ಲಿನಂತೆ ಗಟ್ಟಿಯಾಗಿ, ಬಲವಾಗಿ ಒತ್ತಿದರೂ ವಾಹನ ನಿಲ್ಲದಿದ್ದರೆ ಬೂಸ್ಟರ್ ಅಥವಾ ಅದರ ಪೈಪಿನ ದೋಷವಿರಬಹುದು. ಬ್ರೇಕ್ ಹಾಕಿದಾಗ ವಾಹನ ಒಂದು ಬದಿಗೆ ಎಳೆದರೆ ಎರಡು ಬದಿಯ ಬ್ರೇಕ್ ಸಮನಾಗಿ ಹಿಡಿಯುತ್ತಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದರೆ ಪ್ಯಾಡ್ ಮುಗಿದು ಡಿಸ್ಕನ್ನೇ ಕೊರೆಯುತ್ತಿದೆ.

ಎರಡನೆಯದು, ತರಬೇತಿ ಪಡೆದ ಕೈಗಳು ಪಂಚಾಯಿತಿಯ ಆವರಣದಲ್ಲೇ ಮಾಡಬಹುದಾದ ಕೆಲಸ. ಮುಂದಿನ ಪ್ಯಾಡ್ ಬದಲಿಸುವುದು, ಡ್ರಮ್ ತೆಗೆದು ಸ್ವಚ್ಛಗೊಳಿಸಿ ಲೈನರ್ ಪರಿಶೀಲಿಸುವುದು, ಆಯಿಲ್ ಬದಲಿಸಿ ಗಾಳಿ ತೆಗೆಯುವುದು ಮತ್ತು ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದರಲ್ಲಿ ಸೇರಿವೆ. ಐ.ಟಿ.ಐ.ಯಲ್ಲಿ ಮೋಟಾರು ಮೆಕ್ಯಾನಿಕ್ ತರಬೇತಿ ಪಡೆದ ಯುವಕ ಯುವತಿಯರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರ ನೆರವು ಪಡೆಯಬಹುದು. ಆದರೆ ಕೆಲವು ನಿಯಮಗಳನ್ನು ಸಡಿಲಿಸಬಾರದು.

ವಾಹನವು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಂತಿರಬೇಕು. ನೆಲದ ಮೇಲಿರುವ ಚಕ್ರಗಳಿಗೆ ಮರದ ಬೆಣೆ ಕೊಟ್ಟಿರಬೇಕು. ಜಾಕ್ ವಾಹನವನ್ನು ಎತ್ತುವುದಕ್ಕೆ ಮಾತ್ರ. ಹೊತ್ತು ನಿಲ್ಲುವುದಕ್ಕೆ ಕಬ್ಬಿಣದ ಸ್ಟ್ಯಾಂಡ್ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಭಾರಕ್ಕೆ ಒಮ್ಮೆಲೇ ಒಡೆಯುತ್ತವೆ. ಡ್ರಮ್ಮಿನ ಧೂಳನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಬೇಕು. ರಬ್ಬರ್ ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆಯಿಂದ ತೊಳೆಯಬಾರದು.

ಪ್ಯಾಡ್ ಅಥವಾ ಲೈನರನ್ನು ಒಂದೇ ಬದಿಗೆ ಬದಲಿಸಬಾರದು. ಎಡಕ್ಕೆ ಹಾಕಿದರೆ ಬಲಕ್ಕೂ ಹಾಕಬೇಕು. ಪ್ಯಾಡಿನ ಉಜ್ಜುವ ಪದರ 3 ಮಿಲಿಮೀಟರಿಗೆ ಇಳಿದರೆ ಬದಲಿಸುವುದು ವಾಡಿಕೆ. ವಾಹನದ ಕೈಪಿಡಿಯ ಅಳತೆಯೇ ಅಂತಿಮ. ಆಯಿಲ್ ಅಥವಾ ಗ್ರೀಸಿನಲ್ಲಿ ನೆನೆದ ಲೈನರನ್ನು ಉಜ್ಜಿ, ಸುಟ್ಟು ಮತ್ತೆ ಹಾಕುವ ಪದ್ಧತಿ ಕೆಲವೆಡೆ ಇದೆ. ಅದನ್ನು ನಿಲ್ಲಿಸಬೇಕು. ನೆನೆದ ಲೈನರ್ ಎಸೆಯತಕ್ಕದ್ದು, ಸೋರಿಕೆಯ ಮೂಲವನ್ನು ಹುಡುಕತಕ್ಕದ್ದು.

ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡ ಚಕ್ರದಿಂದ, ಆರಂಭಿಸುತ್ತಾರೆ. ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಗಾಳಿ ಹೊರಬಂದ ಮೇಲೆ ಬಿಗಿ ಮಾಡಿ, ಅನಂತರವೇ "ಬಿಡಿ" ಎನ್ನಬೇಕು. ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಸೇರುತ್ತದೆ. ತೊಟ್ಟಿ ಬರಿದಾಗಲು ಬಿಡಬಾರದು. ಹೊರತೆಗೆದ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಸಂಗ್ರಹಿಸಿಡಬೇಕು. ನೈರ್ಮಲ್ಯದ ಹೊಣೆ ಹೊತ್ತ ಸಂಸ್ಥೆಯೇ ಚರಂಡಿ ಕೆಡಿಸುವುದು ಸಲ್ಲದು.

ಕೆಲಸ ಮುಗಿದ ಮೇಲೆ, ವಾಹನ ಕದಲಿಸುವ ಮುನ್ನ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಹೊಸ ಪ್ಯಾಡ್ ಹಾಕಿದಾಗ ಮೊದಲ ಒತ್ತುಗಳಿಗೆ ಬ್ರೇಕ್ ಹಿಡಿಯುವುದಿಲ್ಲ. ಇದನ್ನು ಮರೆತು ಶೆಡ್ಡಿನ ಗೋಡೆಗೆ ಗುದ್ದಿದವರನ್ನು ನಾನು ಕಂಡಿದ್ದೇನೆ. ಅನಂತರ ಜನರಿಲ್ಲದ ಸಮತಟ್ಟಾದ ಜಾಗದಲ್ಲಿ, ಖಾಲಿ ವಾಹನದಲ್ಲಿ, ನಡಿಗೆಯ ವೇಗದಲ್ಲಿ ಪರೀಕ್ಷಿಸಬೇಕು.

ಮೂರನೆಯದು, ನಮ್ಮ ಆವರಣದಲ್ಲಿ ಮಾಡಲೇಬಾರದ ಕೆಲಸ. ಮಾಸ್ಟರ್ ಸಿಲಿಂಡರ್, ಬೂಸ್ಟರ್, ತುಕ್ಕು ಹಿಡಿದ ಕಬ್ಬಿಣದ ಪೈಪು, ಬಿರುಕುಬಿಟ್ಟ ಹೋಸ್, ಗೀರುಬಿದ್ದ ಡ್ರಮ್ ಹಾಗೂ ಡಿಸ್ಕ್, ಎ.ಬಿ.ಎಸ್. ಇವುಗಳ ಕೆಲಸವು ಸಲಕರಣೆಗಳಿರುವ ಕಾರ್ಯಾಗಾರದಲ್ಲೇ ಆಗಬೇಕು. ಪೈಪನ್ನು ಬೆಸುಗೆ ಹಾಕಿಸುವುದು, ಸೋರುವ ಚಕ್ರದ ಪೈಪನ್ನು ಬಡಿದು ಮುಚ್ಚಿ "ಮೂರು ಚಕ್ರದ ಬ್ರೇಕ್ ಸಾಕು" ಎಂದು ಓಡಿಸುವುದು ಅಪರಾಧಕ್ಕೆ ಸಮಾನ. ಹಾಗೆಯೇ ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಇಳಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಬೇಕು. ಎಂಜಿನ್ ಆರಿದರೆ ಬೂಸ್ಟರಿನ ನೆರವು ಕೆಲವೇ ಒತ್ತುಗಳಲ್ಲಿ ಮುಗಿಯುತ್ತದೆ.

ಸದಸ್ಯ ಬಂಧುಗಳೇ, ಕಾನೂನಿನ ದೃಷ್ಟಿಯಿಂದಲೂ ಇದು ಚಾಲಕರೊಬ್ಬರ ಹೊಣೆಯಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ 190ನೇ ಪ್ರಕರಣವು ಅಪಾಯಕಾರಿ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವರನ್ನು ಮಾತ್ರವಲ್ಲ, ಓಡಿಸಲು ಬಿಡುವವರನ್ನೂ ಶಿಕ್ಷೆಗೆ ಗುರಿಪಡಿಸುತ್ತದೆ. ದೋಷವು ತಿಳಿದಿದ್ದರೆ ಮಾತ್ರವಲ್ಲ, ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ ಅದು ಅನ್ವಯಿಸುತ್ತದೆ. ಲಾಗ್ ಪುಸ್ತಕದಲ್ಲಿ ಮೂರು ಬಾರಿ ಬರೆದ ದೂರು ನಮಗೆ ತಿಳಿದಿರಲಿಲ್ಲ ಎಂದು ಹೇಳಲು ಸಾಧ್ಯವೇ? ಸಾರಿಗೆ ವಾಹನಕ್ಕೆ ಅರ್ಹತಾ ಪತ್ರ ಕಡ್ಡಾಯವೆಂಬುದು ನಿಮಗೆ ತಿಳಿದಿದೆ. ಆದರೆ ಆ ಪತ್ರವು ಪರೀಕ್ಷೆಯ ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಇಂದು ಬೆಳಗಿನ ಸ್ಥಿತಿಯನ್ನು ಹೇಳಬಲ್ಲವರು ಚಾಲಕರು.

ಖರೀದಿಯಲ್ಲಿಯೂ ಎಚ್ಚರ ಅಗತ್ಯ. ದರಪಟ್ಟಿ ಕರೆಯುವಾಗ ಕೇವಲ "ಬ್ರೇಕ್ ಪ್ಯಾಡ್" ಎಂದು ಬರೆದರೆ ಅತಿ ಅಗ್ಗದ ನಕಲಿ ಮಾಲು ಬರುತ್ತದೆ. ನಿಯಮದ ಪ್ರಕಾರ ಅದನ್ನೇ ಒಪ್ಪಬೇಕಾದೀತು. ವಾಹನದ ಮಾದರಿ, ತಯಾರಿಕಾ ವರ್ಷ, ತಯಾರಕರ ಬಿಡಿಭಾಗ ಸಂಖ್ಯೆ, ಆಯಿಲಿನ ದರ್ಜೆ ಇವನ್ನು ಮೊದಲೇ ನಮೂದಿಸಿದರೆ ಕನಿಷ್ಠ ದರದಲ್ಲಿಯೂ ಸರಿಯಾದ ಭಾಗವೇ ದೊರೆಯುತ್ತದೆ. ಬದಲಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕೆಂದು ಗ್ಯಾರೇಜಿಗೆ ಷರತ್ತು ವಿಧಿಸಿರಿ.

ಕೊನೆಯದಾಗಿ, ನಿಮ್ಮ ಮುಂದಿನ ಸಾಮಾನ್ಯ ಸಭೆಯಲ್ಲಿ ಮೂರು ನಿರ್ಣಯಗಳನ್ನು ಕೈಗೊಳ್ಳಬೇಕೆಂದು ಕೋರುತ್ತೇನೆ. ಒಂದು, ಬೆಳಗಿನ ಪರಿಶೀಲನೆಯನ್ನು ಲಾಗ್ ಪುಸ್ತಕದಲ್ಲಿ ಪ್ರತಿದಿನ ದಾಖಲಿಸುವುದು ಮತ್ತು ಆಯಿಲ್ ತುಂಬಿಸಿದ ಪ್ರತಿ ಬಾರಿಯೂ ಕಾರಣವನ್ನು ಬರೆಯುವುದು. ಎರಡು, ಬ್ರೇಕ್ ದುರಸ್ತಿಯು ಮುಂದಿನ ಸಭೆಗೆ ಕಾಯದಂತೆ, ನಿಯಮಾನುಸಾರ ಒಂದು ಮೊತ್ತವನ್ನು ಮುಂಚಿತವಾಗಿ ಅನುಮೋದಿಸಿಡುವುದು. ಮೂರು, ಬ್ರೇಕ್ ಬಗ್ಗೆ ಅನುಮಾನ ಬಂದ ದಿನ ವಾಹನವನ್ನು ನಿಲ್ಲಿಸುವ ಅಧಿಕಾರವನ್ನು ಚಾಲಕರಿಗೆ ಲಿಖಿತವಾಗಿ ನೀಡುವುದು. ಅದಕ್ಕಾಗಿ ಅವರ ಕೂಲಿ ಕಡಿತವಾಗಬಾರದು.

ಮೂರನೆಯ ನಿರ್ಣಯವೇ ಇವುಗಳಲ್ಲಿ ಮುಖ್ಯವಾದದ್ದು. ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಈ ವಾಹನಗಳನ್ನು ಓಡಿಸುತ್ತಿದ್ದಾರೆ. "ಇವತ್ತು ಒಂದು ದಿನ ಹೇಗಾದರೂ ಓಡಿಸಮ್ಮ" ಎಂದು ನಾವು ಹೇಳಿದರೆ ಎದುರು ಹೇಳುವ ಧೈರ್ಯ ಅವರಿಗೆ ಬರುವುದು ಕಷ್ಟ. ನಮ್ಮ ಚಾಲಕಿಯೂ ಅಂದು ಹಾಗೆಯೇ ಹೊರಟಿದ್ದರು. ಕಸ ಒಂದು ದಿನ ಮನೆಯಲ್ಲೇ ಉಳಿದರೆ ಜನ ಗೊಣಗಬಹುದು. ಆ ಗೊಣಗಾಟವನ್ನು ಕೇಳಿಸಿಕೊಳ್ಳಲು ನಾವು ಸಿದ್ಧರಿರಬೇಕು.