ರಕ್ತ ಬಾರದ ಒಸಡು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಬಿ.ಇ. ಮಾಡಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಲಿ ಎಂಬುದು ಅವರ ಆಸೆ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹಲ್ಲಿನ ಬಗ್ಗೆ ಮಾತಾಡುತ್ತೇನೆ. ಹದಿಮೂರು ವರ್ಷ ಸಿಗರೇಟು ಸೇದಿ, ನಾಲ್ಕು ವರ್ಷದ ಹಿಂದೆ ಬಿಟ್ಟವನು ನಾನು. ಕಂಪ್ಯೂಟರಿಗಿಂತ ಈ ವಿಷಯದಲ್ಲಿ ನನ್ನ ಅನುಭವ ದೊಡ್ಡದು.

ಮೊದಲು ಒಂದು ತಪ್ಪೊಪ್ಪಿಗೆ. ಮೂರನೇ ಸಾಲಿನಲ್ಲಿ ನನ್ನ ಅಮ್ಮ ಕೂತಿದ್ದಾರೆ. ನನ್ನ ಪುಸ್ತಕ, ಬಸ್ಸಿನ ಪಾಸು, ಮುಂದೆ ಇಂಜಿನಿಯರಿಂಗಿನ ಹಾಸ್ಟೆಲ್ ಖರ್ಚು, ಎಲ್ಲ ಅವರು ಬೀಡಿ ಕಟ್ಟಿ ಹೊಂದಿಸಿದ್ದು. ನಮ್ಮ ದಕ್ಷಿಣ ಕನ್ನಡದಲ್ಲಿ ಇದೇನೂ ಹೊಸ ಕಥೆಯಲ್ಲ; ಇಲ್ಲಿ ಕೂತವರಲ್ಲಿ ಎಷ್ಟೋ ಮನೆಗಳ ಕಥೆ. ಶಾಲೆಯಿಂದ ಬಂದ ಮೇಲೆ ನಾವೂ ಕೂತು ನೂಲು ಕಟ್ಟುತ್ತಿದ್ದೆವು, ಲೆಕ್ಕ ಮಾಡಿ ಬ್ರಾಂಚಿಗೆ ಕೊಂಡುಹೋಗುತ್ತಿದ್ದೆವು. ನಾನು ಜೀವನದಲ್ಲಿ ಮೊದಲು ಸೇದಿದ ಬೀಡಿ ಅಮ್ಮನ ಮಡಿಲ ತಡ್ಪೆಯಿಂದ ಎತ್ತಿದ್ದು. ಒಂಬತ್ತನೇ ತರಗತಿಯಲ್ಲಿದ್ದೆ. ಅಮ್ಮನಿಗೆ ಇದು ಗೊತ್ತಾಗುತ್ತಿರುವುದು ಇವತ್ತೇ. ಹಾಗಾಗಿ ಬೀಡಿ ಕಟ್ಟುವ ಕೈಗಳ ಬಗ್ಗೆ ನಾನು ಒಂದು ಮಾತೂ ಆಡಲಾರೆ. ನನ್ನ ಮಾತು ಸೇದುವ ಬಾಯಿಯ ಬಗ್ಗೆ ಮಾತ್ರ.

ಇಂಜಿನಿಯರಿಂಗ್ ಓದುವಾಗ ಸಿಗರೇಟು ಅಭ್ಯಾಸವಾಯಿತು. ಕೆಲಸಕ್ಕೆ ಸೇರಿದ ಮೇಲೆ ರಾತ್ರಿ ಪಾಳಿ, ಆಫೀಸಿನ ಎದುರಿನ ಚಹಾದ ಅಂಗಡಿ, ದಿನಕ್ಕೆ ಎಂಟು ಹತ್ತು. ಆಗ ನನಗೊಂದು ಹೆಮ್ಮೆ ಇತ್ತು, ಕೇಳಿದರೆ ನಗುತ್ತೀರಿ. ನನ್ನ ಜೊತೆ ರೂಮಿನಲ್ಲಿದ್ದವನು ಒಂದು ದಿನವೂ ಸೇದಿದವನಲ್ಲ. ಆದರೆ ಅವನು ಹಲ್ಲುಜ್ಜಿದರೆ ಬೇಸಿನ್ನಿನಲ್ಲಿ ರಕ್ತ. ನನಗೆ ಒಂದು ಹನಿಯೂ ಇಲ್ಲ. ‘ನೋಡು, ಸೇದುವವನ ಒಸಡೇ ಗಟ್ಟಿ’ ಎಂದು ಅವನನ್ನು ಛೇಡಿಸುತ್ತಿದ್ದೆ.

ಮೂವತ್ತೆರಡನೇ ವಯಸ್ಸಿನಲ್ಲಿ ಕೆಳಗಿನ ದವಡೆ ಹಲ್ಲೊಂದು ಅಲುಗಾಡಲು ಶುರುವಾಯಿತು. ನೋವಿಲ್ಲ, ಹುಳುಕಿಲ್ಲ. ದಂತವೈದ್ಯರ ಹತ್ತಿರ ಹೋದೆ. ಅವರು ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಅಳತೆ ತೆಗೆಯುತ್ತಾ ಹೋದರು. ಆರೋಗ್ಯವಂತ ಒಸಡಿನಲ್ಲಿ ಆ ಸಂದು 3 ಮಿಲಿಮೀಟರ್ ದಾಟುವುದಿಲ್ಲ. ನನ್ನ ಹಿಂದಿನ ಹಲ್ಲುಗಳಲ್ಲಿ 6, 7 ಎಂದು ಬರೆಸುತ್ತಿದ್ದರು. ಎಕ್ಸ್‌ರೇಯಲ್ಲಿ ಹಲ್ಲನ್ನು ಹಿಡಿದಿಡುವ ಎಲುಬು ಮಳೆಗಾಲದ ಹೊಳೆಬದಿಯ ಮಣ್ಣಿನ ಹಾಗೆ ಕುಸಿದಿತ್ತು.

‘ಡಾಕ್ಟ್ರೇ, ನನಗೆ ರಕ್ತವೇ ಬರುತ್ತಿರಲಿಲ್ಲವಲ್ಲ?’ ಎಂದೆ.

‘ಸೇದುತ್ತಿದ್ದಿರಿ, ಅದಕ್ಕೇ ಬರಲಿಲ್ಲ’ ಎಂದರು.

ಅವರು ವಿವರಿಸಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದಾಗ ಒಸಡು ಊದಿಕೊಂಡು, ಮುಟ್ಟಿದರೆ ರಕ್ತ ಬರಬೇಕು. ಅದು ದೇಹದ ಕೂಗು. ಹೊಗೆಯಲ್ಲಿರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಒಸಡಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಸೋಂಕಿನ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳು ನೆಟ್ಟಗೆ ಕೆಲಸ ಮಾಡುವುದಿಲ್ಲ. ಮೇಲಿನಿಂದ ನೋಡಿದರೆ ಒಸಡು ಗಟ್ಟಿಯಾಗಿ, ಬಿಳಿಚಿಕೊಂಡು, ಸುಮ್ಮನೆ ಇರುತ್ತದೆ. ಒಳಗೆ ಎಲುಬು ಕರಗುತ್ತಿರುತ್ತದೆ. ನಮ್ಮ ಕೆಲಸದಲ್ಲಿ ಸರ್ವರ್ ಕೆಟ್ಟರೆ ಮೊಬೈಲಿಗೆ ಅಲರ್ಟ್ ಬರುತ್ತದೆ. ಯಾರೋ ಅಲರ್ಟ್ ಬಂದ್ ಮಾಡಿಟ್ಟರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಬೆಳಿಗ್ಗೆ ಎದ್ದಾಗ ಸರ್ವರ್ ಇರುವುದಿಲ್ಲ. ಹದಿಮೂರು ವರ್ಷ ನಾನು ಮಾಡಿದ್ದು ಅದೇ.

ಆ ಹಲ್ಲು ಹೋಯಿತು. ಉಳಿದವನ್ನು ಉಳಿಸಬೇಕಾದರೆ ಸಿಗರೇಟು ಬಿಡಬೇಕು, ಇಲ್ಲದಿದ್ದರೆ ಎಷ್ಟು ಕ್ಲೀನ್ ಮಾಡಿದರೂ ಒಸಡು ಸರಿಯಾಗಿ ಮಾಯುವುದಿಲ್ಲ ಎಂದರು. ಬಿಟ್ಟೆ. ಮೊದಲ ಮೂರು ದಿನ ಮನುಷ್ಯನಾಗಿರಲಿಲ್ಲ, ಅದನ್ನು ನನ್ನ ಹೆಂಡತಿಯೇ ಹೇಳಬೇಕು.

ನಾನು ಇವತ್ತು ಇಲ್ಲಿ ನಿಂತಿರುವುದು ಮುಂದಿನ ಸಂಗತಿಯನ್ನು ಹೇಳಲಿಕ್ಕೆ. ಬಿಟ್ಟು ಎರಡನೇ ವಾರದಲ್ಲಿ ಹಲ್ಲುಜ್ಜುವಾಗ ರಕ್ತ ಬಂತು. ಮರುದಿನವೂ ಬಂತು. ಬಾಯಲ್ಲಿ ಒಂದೆರಡು ಹುಣ್ಣು ಬೇರೆ. ಸೇದುವಾಗ ಇಲ್ಲದ್ದು ಬಿಟ್ಟ ಮೇಲೆ ಬಂತಲ್ಲ, ದೇಹಕ್ಕೆ ಇದು ಒಗ್ಗುತ್ತಿಲ್ಲ, ಒಂದು ಎಳೆದರೆ ಸರಿಹೋಗಬಹುದು ಎಂದು ಅಂಗಡಿವರೆಗೂ ಹೋಗಿದ್ದೆ. ಅಲ್ಲಿಂದಲೇ ಡಾಕ್ಟ್ರಿಗೆ ಫೋನು ಮಾಡಿದೆ. ಅವರು ಸಮಾಧಾನದಿಂದ ಹೇಳಿದರು: ‘ಒಸಡಿಗೆ ರಕ್ತ ವಾಪಸು ಬರುತ್ತಿದೆ. ಕೂಗಲು ಮರೆತದ್ದು ಈಗ ಕೂಗುತ್ತಿದೆ. ಮೆದು ಬ್ರಷ್ಷಿನಲ್ಲಿ ಉಜ್ಜುತ್ತಾ ಇರಿ, ನಾಳೆ ಬನ್ನಿ.’ ಹೋದೆ. ಹಲ್ಲಿನ ಬೇರಿನವರೆಗೂ ಕ್ಲೀನ್ ಮಾಡಿದರು. ಕೆಲವು ವಾರಗಳಲ್ಲಿ ರಕ್ತ ನಿಂತಿತು. ಆರು ತಿಂಗಳ ನಂತರ ಅಳೆದಾಗ 6, 7 ಇದ್ದದ್ದು ಹೆಚ್ಚಿನ ಕಡೆ 4ಕ್ಕೆ ಇಳಿದಿತ್ತು.

ಸೇದುವುದನ್ನು ಬಿಟ್ಟು, ರಕ್ತ ನೋಡಿ ಹೆದರಿ ಮತ್ತೆ ಹಿಡಿದವರು ನನಗೆ ಗೊತ್ತು. ನಿಮಗೂ ಆದರೆ ಹೆದರಬೇಡಿ. ಹಾಗೆಂದು ಸುಮ್ಮನೆಯೂ ಕೂರಬೇಡಿ, ದಂತವೈದ್ಯರಿಗೆ ತೋರಿಸಿ. ಮಂಗಳೂರಿನ ಸುತ್ತಮುತ್ತ ಇಷ್ಟು ದಂತ ಕಾಲೇಜುಗಳಿವೆ, ಶಿಬಿರಕ್ಕೆಂದು ಊರೂರಿಗೆ ಬರುತ್ತಾರೆ.

ಬಿಟ್ಟರೆ ಎಲ್ಲವೂ ವಾಪಸು ಬರುತ್ತದೆಯೇ? ಇಲ್ಲ, ಸುಳ್ಳು ಹೇಳಲಾರೆ. ಕರಗಿದ ಎಲುಬು ತಾನಾಗಿ ಬೆಳೆಯುವುದಿಲ್ಲ. ಕರಗುವ ವೇಗ ಕಡಿಮೆಯಾಗುತ್ತದೆ. ಕಂದು ಕಲೆ ತಾನಾಗಿ ಹೋಗುವುದಿಲ್ಲ. ಕ್ಲೀನ್ ಮಾಡಿಸಿದ ಮೇಲೆ ಹೊಸದಾಗಿ ಕಟ್ಟುವುದಿಲ್ಲ. ಆದರೆ ಹಲ್ಲು ಕಿತ್ತ ಗಾಯ ಬೇಗ ಮಾಯುತ್ತದೆ, ಕೃತಕ ಹಲ್ಲು ಕೂರಿಸಿದರೆ ಅದು ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಸೇದುವವರಿಗೆ ಒಸಡಿನ ರೋಗ ಇರುವ ಸಂಭವ ಎಂದೂ ಸೇದದವರಿಗಿಂತ ಸುಮಾರು 4 ಪಟ್ಟು ಇತ್ತು. ಬಿಟ್ಟು 11 ವರ್ಷ ದಾಟಿದವರಲ್ಲಿ ಅದು ಹೆಚ್ಚುಕಡಿಮೆ ಸೇದದವರ ಮಟ್ಟಕ್ಕೇ ಬಂದಿತ್ತು. ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯವೂ ಬಿಟ್ಟ 5ರಿಂದ 10 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಲೆಕ್ಕಕ್ಕೆ ಸಿಗದ ಇನ್ನೊಂದು ಲಾಭವೂ ಇದೆ. ಬಿಟ್ಟ ಮೇಲೆ ಮೊದಲ ಸಲ ಊರಿಗೆ ಬಂದಾಗ ಅಮ್ಮ ಬಸಳೆ ಸಾರು ಮಾಡಿದ್ದರು. ಅದರ ರುಚಿ ಹೀಗಿರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಹಿರಿಯರಲ್ಲಿ ಎರಡು ಮಾತು. ಬೀಡಿ ಸಣ್ಣದು, ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎನ್ನುತ್ತೀರಿ. ಆರದಿರಲೆಂದು ಅದನ್ನು ಪದೇ ಪದೇ ಜೋರಾಗಿ ಎಳೆಯಬೇಕಾಗುತ್ತದೆ. ಅದರಲ್ಲಿ ಟಾರೂ ಕಡಿಮೆಯಲ್ಲ, ನಿಕೋಟಿನ್ನೂ ಕಡಿಮೆಯಲ್ಲ. ನನ್ನ ಅಪ್ಪನಿಗೆ ಐವತ್ತೈದಕ್ಕೇ ಹಲ್ಲಿನ ಸೆಟ್ ಬಂತು. ವಯಸ್ಸಿನದ್ದು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಇನ್ನು ಬೀಡಿ ಬಿಟ್ಟು ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿಕೊಳ್ಳುವವರು ಕೆಲವರಿದ್ದಾರೆ. ಅದು ಬಿಟ್ಟ ಹಾಗಲ್ಲ, ಬೀಡಿ ಸೇದುವ ಬದಲು ಅದೇ ಸೊಪ್ಪನ್ನು ಒಸಡಿಗೇ ಒತ್ತಿಟ್ಟ ಹಾಗೆ.

ಒಬ್ಬರೇ ಬಿಡಲು ಆಗದಿದ್ದರೆ 1800-11-2356 ಎಂಬ ಉಚಿತ ಸಂಖ್ಯೆ ಇದೆ, ಸಿಗರೇಟು ಪ್ಯಾಕಿನ ಮೇಲೆಯೇ ಇರುತ್ತದೆ. ಸೇದುವವರು ದಿನಾ ಕೈಯಲ್ಲಿ ಹಿಡಿದುಕೊಂಡೂ ಓದದ ಸಂಖ್ಯೆ ಅದು. ನಿಕೋಟಿನ್ ಚೂಯಿಂಗ್ ಗಮ್ ನನಗೆ ಸಹಾಯ ಮಾಡಿತು. ಅದನ್ನು ಮಿಠಾಯಿಯ ಹಾಗೆ ಜಗಿಯಬಾರದು. ಸ್ವಲ್ಪ ಜಗಿದು ಕೆನ್ನೆಯ ಬದಿಗೆ ಇಟ್ಟುಕೊಳ್ಳಬೇಕು. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಶಾಲೆಯ ಅಭಿವೃದ್ಧಿ ಸಮಿತಿಗೂ ಒಂದು ವಿನಂತಿ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆಯಲ್ಲಿದೆ. ಸುವರ್ಣ ಮಹೋತ್ಸವಕ್ಕೆ ಹೊಸ ಗೇಟು ಕಟ್ಟಿಸಿದ್ದೇವೆ, ಬಹಳ ಚೆನ್ನಾಗಿದೆ. ಆ ಗೇಟಿನಿಂದ ಒಂದು ಟೇಪು ಹಿಡಿದು ಅಳೆಯೋಣ. ಇನ್ನೊಂದು ತುದಿ ಹಿಡಿಯಲು ನಾನು ಬರುತ್ತೇನೆ.

ನನ್ನ ಹತ್ತು ನಿಮಿಷ ಮುಗಿಯಿತು ಎಂದು ಮಾಷ್ಟ್ರು ಆಗಲೇ ವಾಚು ತೋರಿಸುತ್ತಿದ್ದಾರೆ. ನನ್ನ ಹಳೆಯ ಮತ್ತು ಈಗಿನ ಎಕ್ಸ್‌ರೇ ಎರಡೂ ಮೊಬೈಲಿನಲ್ಲಿವೆ. ಊಟದ ಹೊತ್ತಿಗೆ ಬೇಕಾದವರು ಬಂದು ನೋಡಬಹುದು. ಅಮ್ಮ, ನೀವೂ ನೋಡಿ, ಬೈಯುವುದಿದ್ದರೆ ಆಮೇಲೆ ಮನೆಯಲ್ಲಿ ಬೈಯಿರಿ.