ಹೆಬ್ಬೆಟ್ಟು ಒತ್ತುವ ಮೊದಲು ಕೇಳಿರಿ

(ವಟ್ವಾದಲ್ಲಿ ಹೊಟೇಲು ಮತ್ತು ಗಿರಣಿ ಕೆಲಸಗಾರರ ಸಭೆಯಲ್ಲಿ ಆಡಿದ ಮಾತು)



ಇಂದು ಪಗಾರ, ಬೋನಸ್ಸಿನ ಮಾತನ್ನು ಬದಿಗಿಟ್ಟು ನಮ್ಮ ಮೈಯ ಮಾತನ್ನು ಆಡುವವನಿದ್ದೇನೆ. ಅಹಮದಾಬಾದಿನಲ್ಲಿ ಔಷಧಗಳನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಸಂಸ್ಥೆಗಳು ಹಲವಿವೆ. ಕೆಲವು ದಿನ ಅಲ್ಲಿ ಉಳಿದು, ಗುಳಿಗೆ ನುಂಗಿ, ರಕ್ತ ಕೊಟ್ಟರೆ ಹಣ ಸಿಗುತ್ತದೆ. ಕೆಲಸ ಹೋದ ಮಾಣಿಗೆ, ಪಾಳಿ ತಪ್ಪಿದ ಗಿರಣಿಯಾಳಿಗೆ ಅದು ದೊಡ್ಡ ಆಸೆ. ಪರೀಕ್ಷೆಯೇ ಬೇಡವೆಂದು ನಾನು ಹೇಳುವುದಿಲ್ಲ. ಯಾರಾದರೂ ಮೊದಲು ನುಂಗದೆ ಹೊಸ ಔಷಧ ನಮ್ಮ ಮಕ್ಕಳಿಗೆ ಸಿಗಲಾರದು. ಆದರೆ ಒಂದು ದೋಸೆ ತಿನ್ನುವ ಗಿರಾಕಿಯೂ ಚಟ್ನಿ ಯಾವುದೆಂದು ಕೇಳುತ್ತಾನೆ. ಗುಳಿಗೆ ನುಂಗುವ ನಾವು ಕೇಳಬೇಡವೇ?

ಕೇಳದಿದ್ದರೆ ಏನಾಗುತ್ತದೆ? ದೂರ ಹೋಗಬೇಕಿಲ್ಲ. 2009ರಲ್ಲಿ ಇಲ್ಲಿನ ವಡೋದರಾ ಜಿಲ್ಲೆಯಲ್ಲಿಯೂ, ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿಯೂ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಸುಮಾರು 24 ಸಾವಿರ ಹುಡುಗಿಯರಿಗೆ ಹಾಕಿದರು. ವಯಸ್ಸು 10ರಿಂದ 14. ಪಾಥ್ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರಕಾರಗಳು ಸೇರಿ ನಡೆಸಿದ ಯೋಜನೆಯದು. ಬಹಳ ಮಂದಿ ಬಡವರ, ಆದಿವಾಸಿಗಳ ಮಕ್ಕಳು. ಖಮ್ಮಂನಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳಿಗೆ ತಾಯಿತಂದೆಗಳ ಬದಲು ಹಾಸ್ಟೆಲಿನ ವಾರ್ಡನ್ನರೇ ರುಜು ಹಾಕಿದ್ದರು. ಏಳು ಹುಡುಗಿಯರು ತೀರಿಕೊಂಡರು. ಅವರಲ್ಲಿ ಇಬ್ಬರು ಗುಜರಾತಿನವರು. 2010ರ ಏಪ್ರಿಲ್ ತಿಂಗಳಲ್ಲಿ ಯೋಜನೆ ನಿಂತಿತು. ಸಾವು ಲಸಿಕೆಯಿಂದಲೇ ಆಯಿತೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲ. ಆ ಲಸಿಕೆ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಆದರೆ ಒಪ್ಪಿಗೆ ಪಡೆದ ಬಗೆಯನ್ನು 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಖಂಡಿಸಿತು.

ವಾರ್ಡನ್ ಹೇಳಿದರೆ ಹುಡುಗಿ ಕೈ ಚಾಚುತ್ತಾಳೆ. ಮಾಲೀಕರು "ಹೋಗಿ ಬಾ" ಎಂದರೆ ಇಲ್ಲವೆನ್ನುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ಉಂಡ ಮನೆಯ ಮಾತು ಮೀರುವುದೆಂತು ಎಂಬ ದಾಕ್ಷಿಣ್ಯ ನಮಗೆ. ದಾಕ್ಷಿಣ್ಯಕ್ಕೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾಗದು.

2019ರ ಔಷಧ ಪರೀಕ್ಷಾ ನಿಯಮಗಳು ನಮ್ಮ ಬೆನ್ನಿಗಿವೆ. ಒಪ್ಪಿಗೆ ಪತ್ರ ನಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವನಿಗೆ ಹೊರಗಿನ ಸಾಕ್ಷಿಯೊಬ್ಬ ಮೊದಲಿನಿಂದ ಕೊನೆಯವರೆಗೆ ಇರಬೇಕು. ಪತ್ರದ ಪ್ರತಿ ನಮ್ಮ ಕೈಗೆ ಬರಬೇಕು. ನಡುವೆ ಬೇಡವೆನಿಸಿದರೆ ಎದ್ದು ಬರಬಹುದು. ಪರೀಕ್ಷೆಯಿಂದ ಮೈಗೆ ಕೇಡಾದರೆ ಪುಕ್ಕಟೆ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು.

ಆದುದರಿಂದ ಬಂಧುಗಳೇ, ಅಂಥ ಕಾಗದ ಕೈಗೆ ಬಂದ ದಿನವೇ ರುಜು ಹಾಕಬೇಡಿರಿ. ಸಂಘಕ್ಕೆ ತನ್ನಿರಿ. ಗುಜರಾತಿ, ಇಂಗ್ಲಿಷು ಬಲ್ಲವರು ಕೂತು ಕನ್ನಡದಲ್ಲಿ ಓದಿ ಹೇಳುತ್ತಾರೆ. ಆಮೇಲೆ ಹೋಗುವುದೂ ಬಿಡುವುದೂ ನಿಮ್ಮ ಇಷ್ಟ.